ನಮ್ಮ ದುಡ್ಡು, ನಮ್ಮ ಸಿನಿಮಾ, ನಮ್ಮ ಮಕ್ಕಳಿಗೇ ಇಲ್ಲ!



ಯಾವುದಾದರೂ ಪದವಿ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಶಿವರಾಮ ಕಾರಂತರ ‘ಚೋಮನ ದುಡಿ’ ಕೇಳಿ. ರಟ್ಟು ಕಿತ್ತಿರಬಹುದು, ಹಾಳೆ ಹಳದಿಯಾಗಿರಬಹುದು, ಆದರೂ ಕಪಾಟಿನಿಂದ ಒಂದು ಪ್ರತಿ ಹೊರಗೆ ಬರುತ್ತದೆ. ಅದೇ ಕೌಂಟರಿನಲ್ಲಿ ನಿಂತು ಬಿ.ವಿ. ಕಾರಂತರ ‘ಚೋಮನ ದುಡಿ’ ಕೇಳಿ ನೋಡಿ. “ಸಿನಿಮಾನಾ? ಯೂಟ್ಯೂಬಿನಲ್ಲಿ ನೋಡ್ಕೊಳ್ಳಿ ಸಾರ್” ಎನ್ನುತ್ತಾರೆ. 1933ರ ಕಾದಂಬರಿ ನಮ್ಮ ಮಕ್ಕಳ ಕೈಗೆ ಸಿಗುತ್ತದೆ. 1975ರ ಸಾಲಿನ ಸ್ವರ್ಣಕಮಲ ಗೆದ್ದ, ವಾಸುದೇವರಾಯರಿಗೆ ದೇಶದ ಶ್ರೇಷ್ಠ ನಟ ಪ್ರಶಸ್ತಿ ತಂದುಕೊಟ್ಟ ಸಿನಿಮಾ ಸಿಗುವುದಿಲ್ಲ.

ಇದೇನು ಮಹಾ ವಿಷಯ, ಸಿನಿಮಾ ನೋಡುವುದಕ್ಕೆ ಕಾಲೇಜಿಗೆ ಹೋಗಬೇಕೇ ಎಂದು ಕೇಳುವವರಿದ್ದಾರೆ. ಸ್ವಾಮಿ, ಇದು ಪಠ್ಯದಲ್ಲಿದೆ! ಪತ್ರಿಕೋದ್ಯಮ ಓದುವವರಿಗೆ ಸಿನಿಮಾ ಒಂದು ವಿಷಯ. ಕನ್ನಡ ಎಂ.ಎ. ಮಾಡುವವರಿಗೆ ಸಾಹಿತ್ಯ ಮತ್ತು ಸಿನಿಮಾದ ನಂಟು ಒಂದು ವಿಷಯ. ಕನ್ನಡದ ಹೊಸ ಅಲೆಯ ಚಿತ್ರಗಳ ಬಗ್ಗೆ ಟಿಪ್ಪಣಿ ಬರೆಯಿರಿ ಎಂದು ಪ್ರಶ್ನೆ ಕೇಳಿದರೆ ಮಕ್ಕಳು ಏನು ಮಾಡಬೇಕು? ‘ಸಂಸ್ಕಾರ’, 1970, ಪಟ್ಟಾಭಿರಾಮ ರೆಡ್ಡಿ. ‘ಘಟಶ್ರಾದ್ಧ’, 1977, ಗಿರೀಶ ಕಾಸರವಳ್ಳಿ ಎಂದು ಗೈಡಿನಿಂದ ಉರು ಹೊಡೆದು ಬರೆಯುತ್ತಾರೆ. ಊಟಕ್ಕೆ ಕೂರಿಸದೆಯೇ ಊಟದ ರುಚಿ ಹೇಗಿತ್ತು, ಹತ್ತು ಅಂಕಕ್ಕೆ ವಿವರಿಸಿ ಎನ್ನುವ ಪರೀಕ್ಷೆ ಇದು.

ನನಗೆ ಗೊತ್ತಿರುವ ಒಬ್ಬ ಕನ್ನಡ ಮೇಷ್ಟ್ರು ಇದ್ದಾರೆ. ಊರು ಬೇಡ, ಕಾಲೇಜೂ ಬೇಡ. ಅವರು ತಮ್ಮ ಮನೆಯ ಓಟಿಟಿ ಚಂದಾವನ್ನೇ ಲ್ಯಾಪ್‌ಟಾಪಿನಲ್ಲಿ ತೆರೆದು, ಪ್ರೊಜೆಕ್ಟರಿಗೆ ತಗುಲಿಸಿ, ಅರವತ್ತು ಮಕ್ಕಳಿಗೆ ಸಿನಿಮಾ ತೋರಿಸುತ್ತಾರೆ. ಚಂದಾ ಹಣ ಅವರ ಸಂಬಳದ್ದು, ಇಂಟರ್‌ನೆಟ್ಟು ಅವರ ಮೊಬೈಲಿನದು. ಇಷ್ಟಾದರೂ ಆ ಕಂಪನಿಯ ಷರತ್ತಿನ ಪ್ರಕಾರ ಅವರದು ತಪ್ಪು! ವೈಯಕ್ತಿಕ ಬಳಕೆಗೆ ಮಾತ್ರ ಎಂದು ಅಲ್ಲಿ ಬರೆದಿರುತ್ತದೆ. ನಾವು ಓದದೆ ‘ಒಪ್ಪಿದೆ’ ಎಂದು ಒತ್ತಿರುತ್ತೇವೆ. ಪಾಠ ಮಾಡುವ ಮೇಷ್ಟ್ರನ್ನು ಕಳ್ಳನ ಹಾಗೆ ಕಿಟಕಿ ಮುಚ್ಚಿ ಸಿನಿಮಾ ತೋರಿಸುವ ಗತಿಗೆ ತಂದ ವ್ಯವಸ್ಥೆಗೆ ನಾಚಿಕೆಯಾಗಬೇಕು.

ಕೊಂಡದ್ದು ಹೋಗಿ ಬಾಡಿಗೆ ಬಂತು

ಹಿಂದೆ ಹೀಗಿರಲಿಲ್ಲ. ಕ್ಯಾಸೆಟ್ಟು ಇತ್ತು, ವಿಸಿಡಿ ಇತ್ತು, ಆಮೇಲೆ ಡಿವಿಡಿ ಬಂತು. ಗ್ರಂಥಾಲಯ ಒಮ್ಮೆ ದುಡ್ಡು ಕೊಟ್ಟು ತಂದರೆ ಅದು ಗ್ರಂಥಾಲಯದ ಸ್ವತ್ತು. ಸೀಲು ಹಾಕಿ, ನಂಬರು ಬರೆದು, ಬೀರುವಿನಲ್ಲಿಟ್ಟರೆ ಹತ್ತು ವರ್ಷ ಹತ್ತು ಬ್ಯಾಚಿನ ಮಕ್ಕಳು ನೋಡಬಹುದಿತ್ತು. ಮಾರಿದವನು ಮರುವರ್ಷ ಬಂದು ಬೀಗ ಹಾಕುವ ಹಾಗಿರಲಿಲ್ಲ. ಈಗ ಡಿವಿಡಿ ಅಂಗಡಿಗಳೇ ಇಲ್ಲ. ಅಮೆರಿಕದಲ್ಲಿ ಅಂಚೆಯಲ್ಲಿ ಡಿವಿಡಿ ಕಳಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ ಕಂಪನಿ 2023ರ ಸೆಪ್ಟೆಂಬರಿನಲ್ಲಿ ಆ ವ್ಯವಹಾರಕ್ಕೇ ಬಾಗಿಲು ಹಾಕಿತು.

ಈಗ ಬಂದಿರುವುದು ಸ್ಟ್ರೀಮಿಂಗ್. ಸಿನಿಮಾ ಕಂಪನಿಯ ಕಂಪ್ಯೂಟರಿನಲ್ಲೇ ಇರುತ್ತದೆ, ಗ್ರಂಥಾಲಯಕ್ಕೆ ಬರುವುದು ಒಂದು ಕೊಂಡಿ ಮಾತ್ರ. ಅದಕ್ಕೆ ಲೈಸೆನ್ಸ್ ಎಂದು ಹೆಸರು. ನೆಟ್ಟಗೆ ಹೇಳಬೇಕೆಂದರೆ ಬಾಡಿಗೆ. ಅಮೆರಿಕದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಈ ಬಾಡಿಗೆಯ ರುಚಿಯನ್ನು ಚೆನ್ನಾಗಿ ಉಂಡಿವೆ. 2008ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿದ ಕ್ಯಾನಪಿ ಎಂಬ ಕಂಪನಿ ಅಲ್ಲಿನ ಕಾಲೇಜುಗಳಿಗೆ ಸಾವಿರಾರು ಸಿನಿಮಾಗಳ ಪಟ್ಟಿಯನ್ನು ತೆರೆದಿಟ್ಟಿತು. ಮೊದಲಿಗೆ ದುಡ್ಡು ಬೇಡ, ಮಕ್ಕಳು ನೋಡಿದರೆ ಮಾತ್ರ ಕೊಡಿ ಎಂದಿತು. ಎಷ್ಟು ಉದಾರ! ಅದರ ಲೆಕ್ಕ ಹೀಗಿತ್ತು: ಒಂದು ಸಿನಿಮಾವನ್ನು ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ನಾಲ್ಕು ಸಲ ನೋಡಿದರೆ ಸಾಕು, ಗ್ರಂಥಾಲಯದ ಲೆಕ್ಕಕ್ಕೆ ಸುಮಾರು 150 ಡಾಲರ್ ಬೀಳುತ್ತಿತ್ತು. ಅದೂ ಒಂದು ವರ್ಷಕ್ಕೆ. ನಾಲ್ಕು ಹುಡುಗರು ಒಂದೊಂದು ನಿಮಿಷ ನೋಡಿ ಬೇಜಾರಾಗಿ ಎದ್ದು ಹೋದರೂ ಬಿಲ್ಲು ಬಂತು. ಮರುವರ್ಷ ಅದೇ ಸಿನಿಮಾ ಬೇಕಾದರೆ ಮತ್ತೆ ಬಾಡಿಗೆ. ಇಂಥದೇ ತಲೆನೋವಿನಿಂದ ನ್ಯೂಯಾರ್ಕ್ ನಗರದ ಮೂರೂ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗಳು 2019ರ ಜುಲೈ 1ರಿಂದ ಕ್ಯಾನಪಿಯನ್ನೇ ಬಿಟ್ಟವು. ಅವು ಕಾಲೇಜಿನವಲ್ಲ, ಊರಿನ ಗ್ರಂಥಾಲಯಗಳು. ಆದರೆ ರೋಗ ಒಂದೇ.

ಅದೇ ಅಮೆರಿಕದಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇನ್ನೊಂದು ದಾರಿ ಹಿಡಿದಿತ್ತು. ನಾವು ಕೊಂಡ ಡಿವಿಡಿ ನಮ್ಮದು, ಅದನ್ನು ನಮ್ಮ ಮಕ್ಕಳಿಗೆ ನಮ್ಮ ಜಾಲದಲ್ಲಿ, ನಮ್ಮ ಪಾಸ್‌ವರ್ಡ್ ಹಾಕಿ ತೋರಿಸುತ್ತೇವೆ, ಕೇಳಲು ನೀವ್ಯಾರು ಎಂದು ಷೇಕ್ಸ್‌ಪಿಯರ್ ನಾಟಕಗಳ ಚಿತ್ರಗಳನ್ನೂ ಸೇರಿಸಿ ತೋರಿಸತೊಡಗಿತು. ವಿತರಕರ ಸಂಘ ದೂರು ಕೊಟ್ಟಾಗ 2010ರ ಜನವರಿಯಲ್ಲಿ ನಿಲ್ಲಿಸಿತು. ಆಮೇಲೆ ಯೋಚನೆ ಮಾಡಿ ಮಾರ್ಚಿನಲ್ಲಿ ಮತ್ತೆ ಶುರು ಮಾಡಿತು. ಸಂಘ ಆ ವರ್ಷದ ಡಿಸೆಂಬರಿನಲ್ಲಿ ಕೋರ್ಟಿಗೆ ಹೋಯಿತು. 2011ರಲ್ಲಿ ಒಮ್ಮೆ, 2012ರಲ್ಲಿ ಇನ್ನೊಮ್ಮೆ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಸರಕಾರಿ ವಿಶ್ವವಿದ್ಯಾಲಯವೆಂಬ ರಕ್ಷಣೆಯೂ ಅದಕ್ಕಿತ್ತು, ಹಾಗಾಗಿ ಎಲ್ಲ ಪ್ರಶ್ನೆಗಳೂ ಅಲ್ಲಿ ಬಗೆಹರಿಯಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಒಂದು ಮಾತು. ಅಲ್ಲಿನ ವಿಶ್ವವಿದ್ಯಾಲಯ ತನ್ನ ಮೇಷ್ಟ್ರುಗಳ ಬೆನ್ನಿಗೆ ನಿಂತಿತು. ನಮ್ಮಲ್ಲಿ? ವಕೀಲರ ನೋಟೀಸು ಬಂದ ದಿನವೇ ಮೇಷ್ಟ್ರಿಗೆ ಮೆಮೊ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಕಾಯಿದೆ ನಮ್ಮ ಕಡೆಗಿದೆ!

ಈಗ ಇಲ್ಲಿಗೆ ಬನ್ನಿ. ತಮಾಷೆಯೆಂದರೆ ಭಾರತದ ಕಾಯಿದೆ ಈ ವಿಷಯದಲ್ಲಿ ಅಮೆರಿಕದ್ದಕ್ಕಿಂತ ದೊಡ್ಡ ಮನಸ್ಸಿನದು. ಅಲ್ಲಿ ಮೇಷ್ಟ್ರು ಮಕ್ಕಳ ಎದುರಿಗೆ ನಿಂತು ತರಗತಿಯಲ್ಲಿ ಇಡೀ ಸಿನಿಮಾ ತೋರಿಸಬಹುದು. ಅದನ್ನೇ ಜಾಲದ ಮೂಲಕ ಕಳಿಸುವುದಾದರೆ 2002ರ ತಿದ್ದುಪಡಿ ತುಣುಕು ತೋರಿಸಿ ಎನ್ನುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನ ಒಂದನೇ ಉಪಕಲಮು, ಜೆ ಖಂಡ ಓದಿ ನೋಡಿ. ವಿದ್ಯಾಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಪೋಷಕರು, ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟವರು, ಇಷ್ಟೇ ಜನ ಪ್ರೇಕ್ಷಕರಾಗಿದ್ದರೆ ಸಿನಿಮಾ ತೋರಿಸುವುದು ಹಕ್ಕಿನ ಉಲ್ಲಂಘನೆಯೇ ಅಲ್ಲ. ತೋರಿಸುವುದಷ್ಟೇ ಅಲ್ಲ, ಅಂಥ ಪ್ರೇಕ್ಷಕರಿಗೆ ಅದನ್ನು ತಲುಪಿಸುವುದನ್ನೂ ಕಾಯಿದೆ ಅಲ್ಲೇ ಸೇರಿಸಿದೆ. ಪಾಠದ ಸಲುವಾಗಿ ಮೇಷ್ಟ್ರು, ಮಕ್ಕಳು ಪ್ರತಿ ಮಾಡಿಕೊಳ್ಳಬಹುದೆಂಬ ರಿಯಾಯಿತಿ 2012ರ ತಿದ್ದುಪಡಿಯಿಂದ ಯಾವುದೇ ಕೃತಿಗೂ ಅನ್ವಯಿಸುವಂತಾಯಿತು.

ಈ ರಿಯಾಯಿತಿಗೆ ಕೋರ್ಟಿನಲ್ಲಿ ಬೆಲೆ ಇದೆಯೇ? ಇದೆ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಎಂಬ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಭಾರಿ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. ಪುಸ್ತಕದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಮಕ್ಕಳಿಗೆ ಕೊಡುತ್ತಾರೆ ಎಂಬುದು ದೂರು. 2016ರಲ್ಲಿ ದೆಹಲಿ ಹೈಕೋರ್ಟು ಪಾಠಕ್ಕೆ ಬೇಕಾದ ಪ್ರತಿ ಮಾಡುವ ಹಕ್ಕನ್ನು ಎತ್ತಿಹಿಡಿಯಿತು. 2017ರಲ್ಲಿ ಪ್ರಕಾಶಕರು ಮೊಕದ್ದಮೆ ಹಿಂದಕ್ಕೆ ಪಡೆದರು. ಜೆರಾಕ್ಸ್ ಅಂಗಡಿಯವನಿಗೆ ಇದ್ದ ಧೈರ್ಯ ನಮ್ಮ ವಿಶ್ವವಿದ್ಯಾಲಯಗಳಿಗೆ ಯಾಕಿಲ್ಲ?

ಆದರೆ ಕಾಯಿದೆ ಹಕ್ಕು ಕೊಡುತ್ತದೆಯೇ ಹೊರತು ಸಿನಿಮಾ ತಂದುಕೊಡುವುದಿಲ್ಲ. ತೋರಿಸಬಹುದು ಎನ್ನುತ್ತದೆ ಕಾಯಿದೆ. ಏನನ್ನು ತೋರಿಸೋಣ? ಡಿವಿಡಿ ಇಲ್ಲ, ಓಟಿಟಿಯವರ ಕರಾರು ಬೇಡ ಎನ್ನುತ್ತದೆ, ಯೂಟ್ಯೂಬಿನಲ್ಲಿ ಯಾರೋ ಏರಿಸಿದ ಪ್ರತಿಯಲ್ಲಿ ಮುಖಗಳೇ ಕಾಣುವುದಿಲ್ಲ. ಅದೂ ಇವತ್ತು ಇದ್ದದ್ದು ಪರೀಕ್ಷೆಯ ಹಿಂದಿನ ದಿನ ಮಾಯ! ಕೆರೆಯ ನೀರು ಕುಡಿಯಲು ಎಲ್ಲರಿಗೂ ಹಕ್ಕಿದೆ ಎಂದು ಬೋರ್ಡು ಹಾಕಿದ್ದಾರೆ, ಕೆರೆಯಲ್ಲಿ ನೀರಿಲ್ಲ.

ಸಿನಿಮಾದ ಹಕ್ಕಿನ ಅವಧಿ ನಮ್ಮಲ್ಲಿ 60 ವರ್ಷ. ಅಂದರೆ 1964 ಮತ್ತು ಅದಕ್ಕೂ ಹಿಂದೆ ಬಿಡುಗಡೆಯಾದ ಚಿತ್ರಗಳ ಮೇಲಿನ ಹಕ್ಕು 2025ರ ಜನವರಿ 1ರ ಹೊತ್ತಿಗೆ ಮುಗಿದಿದೆ. ‘ಬೇಡರ ಕಣ್ಣಪ್ಪ’, ‘ರಣಧೀರ ಕಂಠೀರವ’, ‘ಕಿತ್ತೂರು ಚೆನ್ನಮ್ಮ’, ‘ನಾಂದಿ’ ಎಲ್ಲ ಇದರಲ್ಲಿ ಬಂದವು. (ಹಾಡು, ಕಥೆಗಳ ಹಕ್ಕು ಬೇರೆ ಲೆಕ್ಕ, ವಕೀಲರು ಬೇಗ ಮೈಮೇಲೆ ಬರಬೇಡಿ.) ಈ ಚಿತ್ರಗಳ ಒಳ್ಳೆಯ ಪ್ರತಿ ಮಾಡಿಸಿ ಎಲ್ಲ ಕಾಲೇಜುಗಳಿಗೂ ಹಂಚಬಾರದೇ? ಹಂಚುವ ಮಾತು ಹಾಗಿರಲಿ, ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಉಳಿದಿಲ್ಲ. ಪುಸ್ತಕಕ್ಕೆ 1954ರಷ್ಟು ಹಿಂದೆಯೇ ಕಾಯಿದೆ ಮಾಡಿ ಅಚ್ಚಾದ ಪ್ರತಿಯೊಂದನ್ನೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಬೇಕೆಂದರು. ಸಿನಿಮಾಕ್ಕೆ ಅಂಥ ಕಾಯಿದೆ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

6,000 ಕೋಟಿಯಲ್ಲಿ ಸಿನಿಮಾ ಎಲ್ಲಿ?

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು, 6,300ಕ್ಕೂ ಹೆಚ್ಚು ಸರಕಾರಿ ಸಂಸ್ಥೆಗಳಿಗೆ. ವಿಜ್ಞಾನ ಓದುವ ಮಕ್ಕಳಿಗೆ ಜರ್ನಲ್ ಬೇಡವೆಂದು ನಾನು ಹೇಳುತ್ತಿಲ್ಲ. ರಾಯಚೂರಿನ ಹುಡುಗಿಗೂ ಬೆಂಗಳೂರಿನ ಹುಡುಗನಿಗೂ ಒಂದೇ ಜರ್ನಲ್ ಸಿಗುವುದು ಒಳ್ಳೆಯದೇ. ಆದರೆ ಹಣ ಹೋಗುವುದು ಹೊರದೇಶದ ಭಾರಿ ಪ್ರಕಾಶಕರಿಗೆ, ಬರುವುದು ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷಿನಲ್ಲಿ, ಮತ್ತು ಈ ಯೋಜನೆ ಮಾಡಿರುವುದು ನಿಯತಕಾಲಿಕಗಳಿಗೆ, ಸಿನಿಮಾಕ್ಕಲ್ಲ. ದೇಶಕ್ಕೆಲ್ಲ ಒಟ್ಟಾಗಿ ಚೌಕಾಸಿ ಮಾಡಿ ಚಂದಾ ಕಟ್ಟಲು ಬರುತ್ತದೆ ಎಂದು ಇದರಿಂದ ಸಾಬೀತಾಯಿತಲ್ಲ? ಅದೇ ಚೌಕಾಸಿಯನ್ನು ರಾಜ್ಯಕ್ಕೆಲ್ಲ ಒಟ್ಟಾಗಿ, ಇನ್ನೂರು ಮುನ್ನೂರು ಕನ್ನಡ ಚಿತ್ರಗಳಿಗೆ ಮಾಡಲು ನಮ್ಮ ಉನ್ನತ ಶಿಕ್ಷಣ ಇಲಾಖೆಗೆ ಏನು ಅಡ್ಡಿ?

ಅಡ್ಡಿ ದುಡ್ಡಿನದಲ್ಲ. ಗುಣಮಟ್ಟದ ಕನ್ನಡ ಚಿತ್ರಗಳಿಗೆ ರಾಜ್ಯ ಸರಕಾರ ದಶಕಗಳಿಂದ ಸಹಾಯಧನ ಕೊಡುತ್ತ ಬಂದಿದೆ. ಕೊಡಲಿ, ಇನ್ನೂ ಜಾಸ್ತಿ ಕೊಡಲಿ. ಆದರೆ ಅದು ಯಾರ ದುಡ್ಡು? ಬೀಡಿ ಕಟ್ಟುವವಳು ಬೆಂಕಿಪೊಟ್ಟಣ ಕೊಂಡಾಗ ಕಟ್ಟಿದ ತೆರಿಗೆ. ಅವಳ ಮಗ ಕಾಲೇಜಿಗೆ ಬಂದು ಅದೇ ದುಡ್ಡಿನಲ್ಲಿ ಆದ ಸಿನಿಮಾ ಕೇಳಿದರೆ ಇಲ್ಲ ಎನ್ನುತ್ತಾರೆ! ಸಹಾಯಧನದ ಚೆಕ್ಕು ಹೋದ ದಾರಿಯಲ್ಲೇ ಒಂದು ಪ್ರತಿಯಾದರೂ ಹಳ್ಳಿಗಾಡಿನ ಕಾಲೇಜಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

‘ಘಟಶ್ರಾದ್ಧ’ದ ಕಥೆ ಕೇಳಿ. ಕಥೆ ಬರೆದ ಅನಂತಮೂರ್ತಿ ತೀರ್ಥಹಳ್ಳಿ ಸೀಮೆಯವರು, ಸಿನಿಮಾ ಮಾಡಿದ ಕಾಸರವಳ್ಳಿ ಅದೇ ತಾಲೂಕಿನವರು. ಸ್ವರ್ಣಕಮಲ ಬಂತು. ಈಚೆಗೆ ಅಮೆರಿಕದ ಫಿಲ್ಮ್ ಫೌಂಡೇಶನ್, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಅದನ್ನು ಜೀರ್ಣೋದ್ಧಾರ ಮಾಡಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಪ್ರತಿ ತೋರಿಸಿದರು. ಹೊರಗಿನವರು ನಮ್ಮ ಸಿನಿಮಾವನ್ನು ಕಣ್ಣಿಗೊತ್ತಿಕೊಂಡು ತೊಳೆದು ಒರೆಸಿ ಇಟ್ಟರಲ್ಲ, ಅವರಿಗೊಂದು ನಮಸ್ಕಾರ. ಆದರೆ ತೀರ್ಥಹಳ್ಳಿಯ ಕಾಲೇಜಿನಲ್ಲಿ ಆ ಕಥೆ ಓದುವ ಹುಡುಗಿ ಆ ಹೊಸ ಪ್ರತಿ ನೋಡಲು ಯಾವ ಕಚೇರಿಗೆ ಅರ್ಜಿ ಹಾಕಬೇಕು? ವೆನಿಸಿಗೆ ವೀಸಾ ಮಾಡಿಸಬೇಕೆ? ‘ಸಂಸ್ಕಾರ’ ಕಾದಂಬರಿಗೆ ಎ.ಕೆ. ರಾಮಾನುಜನ್ ಮಾಡಿದ ಅನುವಾದ 1976ರಲ್ಲಿ ಬಂದ ಮೇಲೆ ಅಮೆರಿಕದ ತರಗತಿಗಳಲ್ಲೂ ಅದನ್ನು ಓದಿಸುತ್ತಾರೆ. ಪುಸ್ತಕಕ್ಕೆ ಪ್ರಕಾಶಕರಿದ್ದರು, ಗ್ರಂಥಾಲಯಗಳಿದ್ದವು, ಹಾಗಾಗಿ ಅದು ಸಮುದ್ರ ದಾಟಿತು. ಸಿನಿಮಾಕ್ಕೆ ಅಂಥ ದಾರಿಯನ್ನು ನಾವೇ ಮಾಡಿಕೊಡಬೇಕಿತ್ತು.

ಪಕ್ಕದ ಮನೆ ನೋಡಿ. ಕೇರಳ ಸರಕಾರ 2024ರ ಮಾರ್ಚ್ 7ರಂದು ‘ಸಿ ಸ್ಪೇಸ್’ ಎಂಬ ತನ್ನದೇ ಓಟಿಟಿ ಶುರು ಮಾಡಿತು. ಒಂದು ಸಿನಿಮಾಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ಸಿನಿಮಾ ಮಾಡಿದವರಿಗೆ. ನಮ್ಮ ಮುಖ್ಯಮಂತ್ರಿಗಳೂ ಸರಿಯಾಗಿ ಒಂದು ವರ್ಷದ ಮೇಲೆ, 2025ರ ಮಾರ್ಚ್ 7ರ ಬಜೆಟ್ಟಿನಲ್ಲಿ, ಕನ್ನಡ ಚಿತ್ರಗಳಿಗೆ ಸರಕಾರದ ಓಟಿಟಿ, ಜತೆಗೆ ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿ ಎಂದು ಘೋಷಿಸಿದರು. ಘೋಷಣೆಗೆ ಚಪ್ಪಾಳೆ ತಟ್ಟಿದ್ದಾಯಿತು. ನಮ್ಮ ಪ್ರಶ್ನೆ ಇಷ್ಟೇ: ಆ ಭಂಡಾರದ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ? ಮನೆಯಲ್ಲಿ ಕೂತು ನೋಡುವ ಗಿರಾಕಿಗೆ ಮಾತ್ರ ಎಂದು ಕರಾರು ಬರೆದುಕೊಂಡರೆ ಕಾಲೇಜಿನ ಮೇಷ್ಟ್ರು ಮತ್ತೆ ಕಿಟಕಿ ಮುಚ್ಚಿಯೇ ತೋರಿಸಬೇಕಾಗುತ್ತದೆ. ನಿರ್ಮಾಪಕರ ಹತ್ತಿರ ಹಕ್ಕು ಪಡೆಯುವ ದಿನವೇ ತರಗತಿಯ ಹಕ್ಕನ್ನೂ ಬರೆಸಿಕೊಳ್ಳಬೇಕು. ಆಮೇಲೆ ಕೇಳಲು ಹೋದರೆ ಅದಕ್ಕೊಂದು ಬೇರೆ ರೇಟು ಹುಟ್ಟಿರುತ್ತದೆ.

ನಿರ್ಮಾಪಕರಿಗೆ ನಷ್ಟವಾಗುವುದಿಲ್ಲವೇ ಎಂದು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದದ್ದೇ. ಕಲಾತ್ಮಕ ಚಿತ್ರ ಮಾಡಿ ಮನೆ ಅಡವಿಟ್ಟವರನ್ನು ನಾವು ನೋಡಿದ್ದೇವೆ. ಅವರ ಹೊಟ್ಟೆಯ ಮೇಲೆ ಹೊಡೆದು ಮಕ್ಕಳಿಗೆ ಪಾಠ ಮಾಡುವುದು ಬೇಡ. ಅದಕ್ಕೇ ಹೇಳುವುದು, ದುಡ್ಡು ಕೊಡಿ! ಆದರೆ ವರ್ಷ ವರ್ಷ ಬಾಡಿಗೆ ಕೊಡಬೇಡಿ, ಒಮ್ಮೆ ಸರಿಯಾದ ಬೆಲೆ ಕೊಟ್ಟು ರಾಜ್ಯದ ಎಲ್ಲ ವಿಶ್ವವಿದ್ಯಾಲಯ, ಕಾಲೇಜುಗಳ ಹೆಸರಿನಲ್ಲಿ ಶಾಶ್ವತವಾಗಿ ಕೊಳ್ಳಿ. ಪ್ರತಿ ನಮ್ಮ ಕಂಪ್ಯೂಟರಿನಲ್ಲಿರಲಿ, ಕಂಪನಿಯದ್ದರಲ್ಲಿ ಅಲ್ಲ. ಕಂಪನಿ ಮುಳುಗಿದರೂ, ಇನ್ನೊಬ್ಬನಿಗೆ ಮಾರಿಕೊಂಡರೂ ನಮ್ಮ ಮಕ್ಕಳ ಪಾಠ ನಿಲ್ಲಬಾರದು. ಕ್ಯಾನಪಿಯನ್ನೇ 2021ರಲ್ಲಿ ಓವರ್‌ಡ್ರೈವ್ ಎಂಬ ಇನ್ನೊಂದು ಕಂಪನಿ ಕೊಂಡುಕೊಂಡಿತು. ಒಡೆಯ ಬದಲಾದಾಗ ಬಾಡಿಗೆದಾರನನ್ನು ಯಾರು ಕೇಳುತ್ತಾರೆ? ಹಳೆಯ ಚಿತ್ರಗಳ ಹಕ್ಕು ಯಾರ ಹತ್ತಿರ ಇದೆಯೆಂದೇ ತಿಳಿಯದಂತಾಗಿರುವುದೂ ಉಂಟು. ನೆಗೆಟಿವ್ ಒಬ್ಬರಿಗೆ, ಟೀವಿ ಹಕ್ಕು ಇನ್ನೊಬ್ಬರಿಗೆ ಮಾರಿ, ಮಾಡಿದವರು ತೀರಿಕೊಂಡಿದ್ದಾರೆ. ಅದಕ್ಕೂ ಕಾಯಿದೆಯ 31ಎ ಕಲಮಿನಲ್ಲಿ ದಾರಿಯಿದೆ. ಹಕ್ಕುದಾರ ಪತ್ತೆಯಾಗದಿದ್ದರೆ ಅರ್ಜಿ ಹಾಕಿ ಲೈಸೆನ್ಸ್ ಪಡೆಯಬಹುದು. ಅರ್ಜಿ ಬರೆಯುವ ಗುಮಾಸ್ತ ಬೇಕು, ಅಷ್ಟೇ.

ಇನ್ನು ಮುಂದೆ ಸಹಾಯಧನ ಕೊಡುವ ಚಿತ್ರಗಳಿಗಾದರೆ ಇಷ್ಟು ತಾಪತ್ರಯವೂ ಇಲ್ಲ. ಚೆಕ್ಕು ಬೇಕಾದರೆ ಒಂದು ಒಳ್ಳೆಯ ಪ್ರತಿ ಭಂಡಾರಕ್ಕೆ, ಕನ್ನಡ ಮತ್ತು ಇಂಗ್ಲಿಷ್ ಉಪಶೀರ್ಷಿಕೆ ಸಮೇತ, ತರಗತಿಯಲ್ಲಿ ಮತ್ತು ಕಾಲೇಜಿನ ಜಾಲದಲ್ಲಿ ತೋರಿಸುವ ಹಕ್ಕಿನೊಂದಿಗೆ ಕೊಡತಕ್ಕದ್ದು ಎಂದು ಆದೇಶದಲ್ಲಿ ಒಂದು ಸಾಲು ಸೇರಿಸಬೇಕು. ಕನ್ನಡ ಉಪಶೀರ್ಷಿಕೆ ಯಾಕೆಂದರೆ ಕಿವಿ ಕೇಳದ ಮಕ್ಕಳೂ ನಮ್ಮ ಕಾಲೇಜುಗಳಲ್ಲಿ ಓದುತ್ತಾರೆ. ವಾರ್ತಾ ಇಲಾಖೆ, ಚಲನಚಿತ್ರ ಅಕಾಡೆಮಿ, ಉನ್ನತ ಶಿಕ್ಷಣ ಇಲಾಖೆ ಒಂದು ಮೇಜಿನ ಸುತ್ತ ಒಂದು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ. ಕೂರುವುದಿಲ್ಲ, ಏಕೆಂದರೆ ಕೇಳುವವರಿಲ್ಲ. ವಾಣಿಜ್ಯ ಮಂಡಳಿಯ ಬಾಗಿಲಲ್ಲಿ ಡಬ್ಬಿಂಗ್ ಬಗ್ಗೆ, ಚಿತ್ರಮಂದಿರದ ಬಗ್ಗೆ ಗಂಟಲು ಹರಿದುಕೊಂಡ ನಾವೂ ಗ್ರಂಥಾಲಯದ ಬಾಗಿಲಿಗೆ ಒಮ್ಮೆಯೂ ಹೋಗಲಿಲ್ಲ.

ಈಗ ಹೋಗೋಣ. ಪ್ರತಿ ಊರಿನ ಗೆಳೆಯರು ತಮ್ಮ ಹತ್ತಿರದ ವಿಶ್ವವಿದ್ಯಾಲಯಕ್ಕೆ ಮಾಹಿತಿ ಹಕ್ಕಿನ ಒಂದು ಅರ್ಜಿ ಹಾಕಿ. ಕಳೆದ ಮೂರು ವರ್ಷಗಳಲ್ಲಿ ಗ್ರಂಥಾಲಯವು ಸಿನಿಮಾ ಮತ್ತು ದೃಶ್ಯಸಾಮಗ್ರಿಗೆ ಎಷ್ಟು ಖರ್ಚು ಮಾಡಿದೆ, ಅದರಲ್ಲಿ ಕನ್ನಡ ಚಿತ್ರಗಳೆಷ್ಟು, ಅವುಗಳನ್ನು ಕೊಂಡದ್ದೋ ಬಾಡಿಗೆಗೆ ತಂದದ್ದೋ, ಕರಾರಿನ ನಕಲು ಕೊಡಿ ಎಂದು ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು, ಇಲ್ಲದಿದ್ದರೆ ಅದೇ ನೆಪ ಹೇಳಿ ಹಿಂದಕ್ಕೆ ಕಳಿಸುತ್ತಾರೆ. 30 ದಿನದಲ್ಲಿ ಉತ್ತರ ಬರಬೇಕು. ಬಂದ ಉತ್ತರದ ನಕಲನ್ನು ಪತ್ರಿಕೆಗೆ ಕಳಿಸಿ. ವಿಶ್ವವಿದ್ಯಾಲಯದ ಹೆಸರಿನ ಸಮೇತ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಆ ಖಾಲಿ ಜಾಗವನ್ನೂ ಅಚ್ಚು ಹಾಕುತ್ತೇವೆ.